ಟ್ರೆಂಡ್ ವರ್ಕೌಟೋ, ಹಳೇ ಕಬ್ಬಿಣವೋ? ಪದೇ ಪದೇ ಕೇಳುವ ಪ್ರಶ್ನೆಗಳು

ಎರಡು ಸೆಟ್‌ಗಳ ನಡುವಿನ ಬಿಡುವಿನಲ್ಲಿ ಕೇಳಿದ್ದು, ಪತ್ರದಲ್ಲಿ ಕೇಳಿದ್ದು, ಫೋನ್ ಮಾಡಿ ಜಗಳ ತೆಗೆದು ಕೇಳಿದ್ದು, ಎಲ್ಲ ಸೇರಿಸಿದರೆ ಪ್ರಶ್ನೆಗಳು ಹೆಚ್ಚುಕಡಿಮೆ ಇಷ್ಟೇ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಹೊಸಬರವು ಮೊದಲು, ವರ್ಷಗಟ್ಟಲೆ ತೂಕ ಎತ್ತಿದವರವು ಕೊನೆಗೆ. ನಿಮಗೆ ಬೇಕಾದ್ದನ್ನಷ್ಟೇ ಓದಿಕೊಳ್ಳಿ.

## ಈಗಷ್ಟೇ ಶುರು ಮಾಡುವವರಿಗೆ

ಟ್ರೆಂಡ್ ವರ್ಕೌಟ್ ಅಂತೀರ, ಹಳೇ ಸ್ಟ್ರೆಂತ್ ಟ್ರೈನಿಂಗ್ ಅಂತೀರ. ಎರಡರಲ್ಲೂ ಬೆವರು ಬರುತ್ತಲ್ವಾ, ವ್ಯತ್ಯಾಸ ಏನು?

ವ್ಯತ್ಯಾಸ ಇರುವುದು ಬೆವರಿನಲ್ಲಲ್ಲ, ಲೆಕ್ಕದಲ್ಲಿ. ಸ್ಟ್ರೆಂತ್ ಅಂಡ್ ಕಂಡಿಷನಿಂಗ್ ಪದ್ಧತಿಯಲ್ಲಿ, ಅಂದರೆ ಬಲ ಮತ್ತು ದಮ್ಮು ಬೆಳೆಸುವ ತರಬೇತಿಯಲ್ಲಿ, ಇವತ್ತು ಎಷ್ಟು ಕಿಲೋ, ಎಷ್ಟು ರೆಪ್ (ಒಂದು ಸಲ ಎತ್ತಿ ಇಳಿಸಿದರೆ ಒಂದು ರೆಪ್), ಎಷ್ಟು ಸೆಟ್ (ಬಿಡುವಿಲ್ಲದೆ ಮಾಡಿದ ರೆಪ್‌ಗಳ ಒಂದು ಕಂತು) ಎಂದು ಬರೆದಿಡುತ್ತಾರೆ. ಮುಂದಿನ ಸಲ ಏನು ಮಾಡಬೇಕು ಅನ್ನುವುದು ಆ ಪುಟ ನೋಡಿಯೇ ತೀರ್ಮಾನವಾಗುತ್ತದೆ. ಸ್ಕ್ವಾಟ್ (ಭಾರ ಹೊತ್ತು ಕೂತು ಏಳುವುದು), ಡೆಡ್‌ಲಿಫ್ಟ್ (ಬಗ್ಗಿ ನೆಲದಿಂದ ಎತ್ತುವುದು), ಬೆಂಚ್ ಪ್ರೆಸ್ (ಮಲಗಿ ಎದೆಯಿಂದ ಮೇಲಕ್ಕೆ ಒತ್ತುವುದು), ಓವರ್‌ಹೆಡ್ ಪ್ರೆಸ್ (ತಲೆಯ ಮೇಲಕ್ಕೆ ಒತ್ತುವುದು), ರೋ (ಭಾರವನ್ನು ಮೈ ಕಡೆಗೆ ಎಳೆಯುವುದು), ಪುಲ್ ಅಪ್ (ಕಂಬಿಗೆ ಜೋತು ಮೈ ಮೇಲೆತ್ತುವುದು), ಭಾರ ಹೊತ್ತು ನಡೆಯುವುದು, ಹೀಗೆ ಬೆರಳೆಣಿಕೆಯ ಚಲನೆಗಳನ್ನು ತಿಂಗಳುಗಟ್ಟಲೆ ಬಿಡದೆ ಮಾಡುತ್ತಾರೆ. ಹೊರಗಿನಿಂದ ನೋಡುವವರಿಗೆ ಬೇಜಾರು ಬರುವಷ್ಟು ಅದೇ ಅದೇ.

ಟ್ರೆಂಡ್ ವರ್ಕೌಟ್ ಇವತ್ತಿನ ಒಂದು ಗಂಟೆಯನ್ನು ಚೆನ್ನಾಗಿ ಕಟ್ಟಿಕೊಡುತ್ತದೆ. ಹಾಡು, ಗುಂಪು, ಹೊಸ ಉಪಕರಣ, ಕೊನೆಗೆ ನೆಲದ ಮೇಲೆ ಮಲಗುವಷ್ಟು ಸುಸ್ತು. ಇದನ್ನು ಹೀಗಳೆಯುವುದು ಸುಲಭ, ಆದರೆ ಜನರನ್ನು ಮನೆಯಿಂದ ಹೊರಗೆಳೆಯುವ ಕೆಲಸದಲ್ಲಿ ಅದು ನಮ್ಮ ಕಬ್ಬಿಣಕ್ಕಿಂತ ಎಷ್ಟೋ ಮುಂದಿದೆ. ತೊಂದರೆ ಒಂದೇ. ಆರು ತಿಂಗಳ ಹಿಂದೆ ಇದ್ದದ್ದಕ್ಕಿಂತ ಈಗ ಎಷ್ಟು ಬಲ ಬಂದಿದೆ ಎಂದು ಕೇಳಿದರೆ ಬಹಳಷ್ಟು ಕ್ಲಾಸುಗಳಲ್ಲಿ ಉತ್ತರ ಸಿಗುವುದಿಲ್ಲ. ಯಾರೂ ಅಳೆದಿರುವುದಿಲ್ಲ.

ಹಳೇ ಪದ್ಧತಿ ಅಂದ್ರೆ ಎಷ್ಟು ಹಳೇದು? ಯಾರು ಕಂಡುಹಿಡಿದಿದ್ದು?

ಗ್ರೀಸಿನ ಕುಸ್ತಿಪಟು ಕ್ರೋಟನ್ನಿನ ಮೈಲೋ ದಿನಾ ಒಂದು ಕರುವನ್ನು ಹೊತ್ತು ನಡೆದ, ಅದು ಹೋರಿಯಾದಾಗ ಇವನೂ ಹೋರಿಯನ್ನು ಹೊರುವಷ್ಟು ಬಲಶಾಲಿಯಾಗಿದ್ದ ಎಂಬ ಕಥೆಯನ್ನು ನೀವು ಕೇಳಿಯೇ ಇರುತ್ತೀರಿ. ಕ್ರಿ.ಪೂ. 6ನೇ ಶತಮಾನದ ಕಥೆ. ತತ್ವ ಸರಿಯಾಗಿದೆ, ಗಣಿತ ತಪ್ಪು. ಕರು ತೂಕ ಏರಿಸಿಕೊಳ್ಳುವ ವೇಗಕ್ಕೆ ಮನುಷ್ಯನ ಸ್ನಾಯು ಬಲವಾಗುವುದಿಲ್ಲ.

ಲೆಕ್ಕ ಇಟ್ಟು ಮಾಡುವ ಪದ್ಧತಿ 20ನೇ ಶತಮಾನದ ನಡುಭಾಗದ್ದು. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರಿಗೆ ಚಿಕಿತ್ಸೆ ಕೊಡುತ್ತಿದ್ದ ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲಾರ್ಮ್, ಹಗುರ ತೂಕವನ್ನು ಬಹಳ ಸಲ ಎತ್ತಿಸುವ ಆಗಿನ ವಾಡಿಕೆ ಬಿಟ್ಟು, ಭಾರದ ತೂಕವನ್ನು ಕಡಿಮೆ ಸಲ ಎತ್ತಿಸಿದರು. ಅದರ ವರದಿ ಪ್ರಕಟವಾದದ್ದು 1945ರಲ್ಲಿ. 1948ರಲ್ಲಿ ಆರ್ಥರ್ ವಾಟ್ಕಿನ್ಸ್ ಜೊತೆ ಸೇರಿ ಅದನ್ನು ಇನ್ನೂ ಸರಳ ಮಾಡಿದರು. 10 ಸಲ ಮಾತ್ರ ಎತ್ತಲು ಆಗುವ ತೂಕವನ್ನು ಮೊದಲು ಹುಡುಕಬೇಕು. ಅದರ ಅರ್ಧದಲ್ಲಿ ಒಂದು ಸೆಟ್, ಮುಕ್ಕಾಲಿನಲ್ಲಿ ಒಂದು, ಪೂರ್ತಿ ತೂಕದಲ್ಲಿ ಒಂದು. ಇವತ್ತು ಯಾವ ಜಿಮ್ಮಿಗೆ ಹೋದರೂ "10 ರೆಪ್, 3 ಸೆಟ್" ಅನ್ನುತ್ತಾರಲ್ಲ, ಅದರ ಬೇರು ಇಲ್ಲಿದೆ.

ಆಮೇಲೆ 1960ರ ದಶಕದಲ್ಲಿ ಸೋವಿಯತ್ ಒಕ್ಕೂಟದ ಲೆವ್ ಮತ್ವೇಯೆವ್ ವರ್ಷದ ತರಬೇತಿಯನ್ನು ಹಂತಗಳಾಗಿ ಒಡೆಯುವ ಕ್ರಮಕ್ಕೆ ಒಂದು ರೂಪ ಕೊಟ್ಟರು. ಅಮೆರಿಕದಲ್ಲಿ ಬಾಯ್ಡ್ ಎಪ್ಲಿ 1969ರಲ್ಲಿ ನೆಬ್ರಾಸ್ಕಾ ವಿಶ್ವವಿದ್ಯಾಲಯದ ಸ್ಟ್ರೆಂತ್ ಕೋಚ್ ಆದರು, 1978ರಲ್ಲಿ ಇಂಥ ಕೋಚ್‌ಗಳದ್ದೇ ರಾಷ್ಟ್ರೀಯ ಸಂಘ ಕಟ್ಟಿದರು. ಅದಕ್ಕೂ ಮುಂಚೆ ತೂಕ ಎತ್ತಿದರೆ ಆಟಗಾರ ಮಂದವಾಗುತ್ತಾನೆ ಎಂದು ನಂಬಿದ್ದ ಕೋಚ್‌ಗಳೇ ಹೆಚ್ಚು.

ಇಲ್ಲಿಯವರೆಗೆ ಏನೂ ಮಾಡಿಲ್ಲ. ಯಾವುದರಿಂದ ಶುರು ಮಾಡ್ಲಿ?

ವಾರಕ್ಕೆ ಎರಡು ದಿನ ತೂಕ, ಉಳಿದ ದಿನ ನಡಿಗೆ. ಕೂತು ಏಳುವ ಒಂದು ಚಲನೆ, ಬಗ್ಗಿ ಎತ್ತುವ ಒಂದು, ಒತ್ತುವ ಒಂದು, ಎಳೆಯುವ ಒಂದು, ಒಟ್ಟು ನಾಲ್ಕು. ಒಂದೊಂದಕ್ಕೂ ಎರಡು ಸೆಟ್. ಇನ್ನೂ ಎರಡು ಮೂರು ರೆಪ್ ಮಾಡಬಹುದಿತ್ತು ಅನ್ನಿಸುವಾಗಲೇ ನಿಲ್ಲಿಸಿ.

ಮೊದಲ ಕೆಲವು ವಾರಗಳಲ್ಲಿ ಬಲ ಬೇಗ ಏರುತ್ತದೆ, ಕನ್ನಡಿಯಲ್ಲಿ ಮಾತ್ರ ಏನೂ ಕಾಣುವುದಿಲ್ಲ. ಆಗ ಕಲಿಯುತ್ತಿರುವುದು ನರಮಂಡಲ. ಇರುವ ಸ್ನಾಯುವನ್ನೇ ಹೆಚ್ಚು ಸಮರ್ಥವಾಗಿ ಬಳಸುವುದನ್ನು ಅದು ರೂಢಿಸಿಕೊಳ್ಳುತ್ತಿರುತ್ತದೆ. ಸ್ನಾಯುವಿನ ಗಾತ್ರ ಆಮೇಲಿನ ಮಾತು. ಬಹಳ ಜನ ಬಿಟ್ಟುಬಿಡುವುದು ಸರಿಯಾಗಿ ಈ ಹೊತ್ತಿನಲ್ಲಿ, ನನಗೆ ಹೊಟ್ಟೆ ಉರಿಯುವುದೂ ಇದಕ್ಕೇ.

ಮಾರನೇ ದಿನ ಮೈ ಕೈ ನೋಯದಿದ್ರೆ ವರ್ಕೌಟ್ ವೇಸ್ಟ್ ತಾನೆ?

ಅಲ್ಲ. ಆ ನೋವು ಸಾಮಾನ್ಯವಾಗಿ 24ರಿಂದ 72 ಗಂಟೆಯೊಳಗೆ ಹೆಚ್ಚಿರುತ್ತದೆ. ಅದು ಬರುವುದು ರೂಢಿಯಿಲ್ಲದ ಕೆಲಸಕ್ಕೆ, ಅದರಲ್ಲೂ ಸ್ನಾಯು ಹಿಗ್ಗುತ್ತಲೇ ಭಾರ ತಡೆಯುವ ಕೆಲಸಕ್ಕೆ. ಬೆಟ್ಟ ಹತ್ತುವಾಗ ಏದುಸಿರು, ಇಳಿದ ಮಾರನೇ ದಿನ ತೊಡೆ ನೋವು, ಎರಡಕ್ಕೂ ಇರುವ ವ್ಯತ್ಯಾಸ ಇದೇ. ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡಿದರೆ ನೋವು ತಾನಾಗಿ ಇಳಿಯುತ್ತದೆ, ಬಲ ಏರುತ್ತಲೇ ಇರುತ್ತದೆ. ಪ್ರತಿ ವಾರ ಚಲನೆ ಬದಲಿಸುವ ಕ್ಲಾಸುಗಳಲ್ಲಿ ಪ್ರತಿ ವಾರವೂ ನೋವು ಬರುವುದಕ್ಕೆ ಕಾರಣವೂ ಇದೇ. ಅದನ್ನು ಫಲ ಎಂದು ಓದಿಕೊಳ್ಳಬೇಡಿ.

ನಾನು ಹೆಣ್ಣು. ಭಾರ ಎತ್ತಿದ್ರೆ ಗಂಡಸರ ಥರ ಆಗಲ್ವಾ?

ಆಗುವುದಿಲ್ಲ. ಹೆಂಗಸರಲ್ಲಿ ಟೆಸ್ಟೋಸ್ಟಿರಾನ್ ಪ್ರಮಾಣ ಗಂಡಸರಿಗಿಂತ ಎಷ್ಟೋ ಪಟ್ಟು ಕಡಿಮೆ. ಅಂಥ ಮೈಕಟ್ಟಿಗೆ ಆಸೆಪಟ್ಟು ವರ್ಷಾನುಗಟ್ಟಲೆ ದುಡಿಯುವ ಗಂಡಸರಿಗೇ ಅದು ಸುಲಭಕ್ಕೆ ದಕ್ಕುವುದಿಲ್ಲ. ಗುಲಾಬಿ ಬಣ್ಣದ ಒಂದು ಕಿಲೋ ಡಂಬೆಲ್ ಪಕ್ಕಕ್ಕಿಡಿ.

ದಿನಾ 10,000 ಹೆಜ್ಜೆ ನಡೀತೀನಿ. ಇನ್ನು ತೂಕ ಯಾಕೆ ಎತ್ಬೇಕು?

ನಡಿಗೆ ಹೃದಯಕ್ಕೆ, ಶ್ವಾಸಕ್ಕೆ, ಮನಸ್ಸಿಗೆ ಒಳ್ಳೆಯದು. ಬಿಡಬೇಡಿ. ಆದರೆ 10,000 ಅನ್ನುವ ಸಂಖ್ಯೆ ಹುಟ್ಟಿದ್ದು ಯಾವ ಪ್ರಯೋಗಾಲಯದಲ್ಲೂ ಅಲ್ಲ, 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಒಂದು ಯಂತ್ರದ ಜೊತೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ದೊಡ್ಡವರಿಗೆ ಹೇಳುವುದು ಎರಡು ಬೇರೆ ಬೇರೆ ಮಾತು. ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಇಲ್ಲವೇ 75ರಿಂದ 150 ನಿಮಿಷ ಜೋರು ಶ್ರಮ, ಇದು ಒಂದು. ಅದರ ಜೊತೆಗೆ ವಾರಕ್ಕೆ ಕನಿಷ್ಠ ಎರಡು ದಿನ ಮುಖ್ಯ ಸ್ನಾಯುಗಳನ್ನೆಲ್ಲ ಬಲಪಡಿಸುವ ಕೆಲಸ, ಇದು ಇನ್ನೊಂದು. ಮೊದಲನೆಯದನ್ನು ಎಷ್ಟು ಮಾಡಿದರೂ ಎರಡನೆಯದು ತೀರುವುದಿಲ್ಲ.

ನಮ್ಮ ತಂದೆಗೆ ಎಪ್ಪತ್ತಾಯ್ತು. ಈ ವಯಸ್ಸಿಗೆ ಇದೆಲ್ಲ ಬೇಕಾ?

ಇಪ್ಪತ್ತೈದರ ಹುಡುಗನಿಗಿಂತ ಅವರಿಗೇ ಹೆಚ್ಚು ಬೇಕು. 1990ರಲ್ಲಿ ಮರಿಯಾ ಫಿಯಟರೋನ್ ಮತ್ತು ಸಂಗಡಿಗರು ವೃದ್ಧಾಶ್ರಮದಲ್ಲಿದ್ದ, 90ರ ಆಸುಪಾಸಿನ 10 ಮಂದಿಗೆ 8 ವಾರ ಕಾಲಿನ ತೂಕದ ತರಬೇತಿ ಕೊಟ್ಟರು. ಹಗುರವಾಗಿ ಅಲ್ಲ, ಅವರವರ ಶಕ್ತಿಗೆ ತಕ್ಕ ಭಾರವನ್ನೇ. ತರಬೇತಿ ಮುಗಿಸಿದವರ ತೊಡೆಯ ಬಲ ಸರಾಸರಿ ಶೇ. 174ರಷ್ಟು ಏರಿತು. ಗುಂಪು ಚಿಕ್ಕದು, ನಿಜ. ಆದರೆ ಮುಪ್ಪಿನಲ್ಲಿ ಸ್ನಾಯು ಸ್ಪಂದಿಸುವುದಿಲ್ಲ ಎಂಬ ಮಾತು ಅದರ ಮುಂದೆ ನಿಲ್ಲಲಿಲ್ಲ. ಬಿಪಿ, ಹೃದಯ, ಕೀಲಿನ ತೊಂದರೆ ಇದ್ದರೆ ವೈದ್ಯರನ್ನು ಕೇಳಿಕೊಂಡು ಕುರ್ಚಿಯಿಂದ ಕೈ ಊರದೆ ಏಳುವುದರಿಂದ ಶುರು ಮಾಡಿಸಿ. ಜೊತೆಗೆ ಸಮತೋಲನದ ಅಭ್ಯಾಸವೂ ಇರಲಿ, ಬೀಳದಂತೆ ಕಾಯುವುದು ಇವೆರಡೂ ಸೇರಿ.

## ಟ್ರೆಂಡ್‌ಗಳನ್ನು ಹಿಡಿದು ಕೇಳುವವರಿಗೆ

ನಾಲ್ಕು ನಿಮಿಷದ ಟಬಾಟಾ ಒಂದು ಗಂಟೆ ಕಾರ್ಡಿಯೋಗೆ ಸಮ ಅಂತಾರೆ. ಹೌದಾ?

ಈ ಮಾತಿನ ಹಿಂದೆ ನಿಜವಾದ ಒಂದು ಅಧ್ಯಯನ ಇದೆ. ಆದರೆ ವೀಡಿಯೊಗಳಲ್ಲಿ ತೋರಿಸುವುದು ಅದನ್ನಲ್ಲ.

ಜಪಾನಿನ ಸ್ಪೀಡ್ ಸ್ಕೇಟಿಂಗ್ ತಂಡದ ಕೋಚ್ ಇರಿಸಾವಾ ಕೊಯಿಚಿ ಬಳಸುತ್ತಿದ್ದ ಕ್ರಮವನ್ನು ಇಜುಮಿ ಟಬಾಟಾ ಪರೀಕ್ಷೆಗೆ ಒಡ್ಡಿ 1996ರಲ್ಲಿ ಪ್ರಕಟಿಸಿದರು. ಒಂದು ಗುಂಪು ವಾರಕ್ಕೆ 5 ದಿನ, ದಿನಕ್ಕೆ 60 ನಿಮಿಷ ಮಧ್ಯಮ ವೇಗದಲ್ಲಿ ಸೈಕಲ್ ಯಂತ್ರ ತುಳಿಯಿತು. ಇನ್ನೊಂದು ಗುಂಪು 20 ಸೆಕೆಂಡ್ ತುಳಿದು 10 ಸೆಕೆಂಡ್ ನಿಂತು, ಹೀಗೆ 7–8 ಸಲ ಮಾಡಿತು. ತುಳಿಯುವ ಶ್ರಮ ಎಷ್ಟೆಂದರೆ ಅವರ ಗರಿಷ್ಠ ಆಮ್ಲಜನಕ ಬಳಕೆಯ ಮಟ್ಟಕ್ಕೆ ಹೊಂದುವ ಶ್ರಮದ ಶೇ. 170. ಎಂಟನೇ ಸಲಕ್ಕೆ ಕಾಲು ತಿರುಗುವುದೇ ನಿಲ್ಲಬೇಕು, ಹಾಗೆ. 6 ವಾರದ ಕೊನೆಗೆ ಎರಡೂ ಗುಂಪಿನ ಆಮ್ಲಜನಕ ಸಾಮರ್ಥ್ಯ ಏರಿತ್ತು. ಆಮ್ಲಜನಕದ ನೆರವಿಲ್ಲದೆ ದುಡಿಯುವ ಸಾಮರ್ಥ್ಯ ಏರಿದ್ದು ಎರಡನೇ ಗುಂಪಿಗೆ ಮಾತ್ರ, ಶೇ. 28ರಷ್ಟು.

ಈಗ ಗಮನಿಸಿ. ಅವರೆಲ್ಲ ಮೊದಲೇ ಗಟ್ಟಿಯಾಗಿದ್ದ ಯುವಕರು. ಆ ನಾಲ್ಕು ನಿಮಿಷಕ್ಕೆ ಮುಂಚೆ 10 ನಿಮಿಷ ವಾರ್ಮ್ ಅಪ್ ಇತ್ತು. ವಾರದಲ್ಲಿ ಒಂದು ದಿನ ಈ ಗುಂಪೂ 30 ನಿಮಿಷ ಸಾಧಾರಣ ವೇಗದಲ್ಲಿ ತುಳಿಯುತ್ತಿತ್ತು. ಅಧ್ಯಯನ ಅಳೆದದ್ದು ಸಾಮರ್ಥ್ಯವನ್ನು, ಕೊಬ್ಬು ಕರಗುವುದನ್ನಲ್ಲ. ಕೋಣೆಯಲ್ಲಿ ಹಾಡಿಗೆ ತಕ್ಕಂತೆ ಕೈ ಚಾಚಿ ಕುಪ್ಪಳಿಸುವುದಕ್ಕೆ 20–10ರ ಟೈಮರ್ ಹಾಕಿಕೊಂಡರೆ ಟೈಮರ್ ಮಾತ್ರ ಟಬಾಟಾ ಆಗುತ್ತದೆ. ಹಾಗೆ ಕುಪ್ಪಳಿಸುವುದು ತಪ್ಪೇನಲ್ಲ, ಒಂದು ಗಂಟೆಗೆ ಸಮ ಅನ್ನುವ ಮಾತನ್ನು ಮಾತ್ರ ಅದಕ್ಕೆ ಅಂಟಿಸಬೇಡಿ.

ಕ್ರಾಸ್‌ಫಿಟ್ ಮಾಡಿದ್ರೆ ಗಾಯ ಗ್ಯಾರಂಟಿ ಅಂತ ನಮ್ಮ ಟ್ರೈನರ್ ಹೆದರಿಸ್ತಾರೆ. ನಿಜಾನಾ?

ಗ್ಯಾರಂಟಿ ಅನ್ನುವುದು ದೊಡ್ಡ ಮಾತು. ಗ್ರೆಗ್ ಗ್ಲಾಸ್‌ಮನ್ 2000ದಲ್ಲಿ ಅಮೆರಿಕದಲ್ಲಿ ಕಂಪನಿಯಾಗಿ ಸ್ಥಾಪಿಸಿದ ಈ ಪದ್ಧತಿ, ಅಂದರೆ ತೂಕ, ಜಿಮ್ನಾಸ್ಟಿಕ್ಸ್, ಓಟ ಎಲ್ಲ ಬೆರೆಸಿ ಹೆಚ್ಚಾಗಿ ಗಡಿಯಾರದ ಎದುರು ಮಾಡಿಸುವ ಗುಂಪು ವ್ಯಾಯಾಮ, ಬಾರ್ಬೆಲ್ಲನ್ನು (ಎರಡೂ ತುದಿಗೆ ತೂಕದ ಪ್ಲೇಟ್ ಹಾಕುವ ಉದ್ದ ಸರಳು) ಮೂಲೆಯಿಂದ ತೆಗೆದು ಸಾಮಾನ್ಯ ಜನರ ಕೈಗೆ ಕೊಟ್ಟಿತು. ಒಲಿಂಪಿಕ್ ಲಿಫ್ಟ್‌ಗಳ ಹೆಸರು ಗೊತ್ತಿಲ್ಲದಿದ್ದವರು ಇವತ್ತು ಸ್ನ್ಯಾಚ್ (ನೆಲದಿಂದ ಒಂದೇ ಎಳೆತಕ್ಕೆ ತಲೆಯ ಮೇಲಕ್ಕೆ ಎತ್ತುವುದು) ಮಾಡುತ್ತಿದ್ದಾರೆ. ಹಳೇ ಪದ್ಧತಿಯವರು ಈ ಉಪಕಾರವನ್ನು ಒಪ್ಪಿಕೊಳ್ಳಬೇಕು. ಅಧ್ಯಯನಗಳಲ್ಲಿ ಕಂಡ ಗಾಯದ ಪ್ರಮಾಣವೂ ಬೇರೆ ತೂಕದ ಕ್ರೀಡೆಗಳಿಗಿಂತ ಬಹಳ ಬೇರೆಯಾಗಿಲ್ಲ. ಭುಜ ಮತ್ತು ಸೊಂಟ ಮುಂದೆ ನಿಲ್ಲುತ್ತವೆ.

ನನ್ನ ತಕರಾರು ಇರುವುದು ಗಡಿಯಾರದ ಬಗ್ಗೆ. ಸ್ನ್ಯಾಚ್, ಕ್ಲೀನ್ (ನೆಲದಿಂದ ಭುಜಕ್ಕೆ ಎತ್ತುವುದು) ಅಂಥವು ಕೌಶಲದ ಲಿಫ್ಟ್‌ಗಳು. ವೆಯ್ಟ್‌ಲಿಫ್ಟರ್‌ಗಳು ಅವನ್ನು ಸೆಟ್‌ಗೆ ಒಂದರಿಂದ ಮೂರು ರೆಪ್ ಮಾಡಿ ಚೆನ್ನಾಗಿ ಸುಧಾರಿಸಿಕೊಳ್ಳುತ್ತಾರೆ. ಅದನ್ನೇ ಸಮಯಕ್ಕೆ ಎದುರಾಗಿ 30 ರೆಪ್ ಮಾಡಿಸಿದರೆ, ಸುಸ್ತಾದ ಮೈ ಎತ್ತುವ ಭಂಗಿ ಕೆಡಿಸಿಕೊಂಡಾದರೂ ಮುಗಿಸಲು ನೋಡುತ್ತದೆ. ಹೊಸಬರು ಮೊದಲ ಆರು ತಿಂಗಳು ಸ್ಕೋರ್ ಬೋರ್ಡಿನಲ್ಲಿ ಹೆಸರು ಬರೆಸಬಾರದು, ನನ್ನನ್ನು ಕೇಳಿದರೆ.

ಒಂದು ಎಚ್ಚರಿಕೆ, ಇದು ಕ್ರಾಸ್‌ಫಿಟ್‌ಗೆ ಮಾತ್ರವಲ್ಲ, ಮೊದಲ ದಿನವೇ ಜಿದ್ದಿಗೆ ಬೀಳುವ ಯಾವ ಕ್ಲಾಸಿಗಾದರೂ ಸರಿ. ವಿಪರೀತ ಶ್ರಮದ ಮೇಲೆ ಕೈಕಾಲು ಊದಿ, ನೋವು ತಡೆಯಲಾಗದಷ್ಟಾಗಿ, ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ಅದು ರ‍್ಯಾಬ್ಡೋಮಯೊಲಿಸಿಸ್ ಇರಬಹುದು. ಒಡೆದ ಸ್ನಾಯುವಿನ ಅಂಶಗಳು ರಕ್ತ ಸೇರಿ ಮೂತ್ರಪಿಂಡವನ್ನು ಕೆಡಿಸಬಲ್ಲವು. ಬೆಳಗಾಗಲಿ ಎಂದು ಕಾಯದೆ ಆಗಲೇ ಆಸ್ಪತ್ರೆಗೆ ಹೋಗಿ.

ಸ್ನಾಯುಗಳನ್ನ ಕನ್‌ಫ್ಯೂಸ್ ಮಾಡೋಕೆ ದಿನಾ ವರ್ಕೌಟ್ ಬದಲಾಯಿಸ್ಬೇಕಂತೆ?

ಸ್ನಾಯುವಿಗೆ ಗೊಂದಲವಾಗುವುದಿಲ್ಲ, ಗೊತ್ತಾಗುವುದು ಅದರ ಮೇಲೆ ಬೀಳುವ ಭಾರ ಮಾತ್ರ. ದಿನಾ ಬದಲಿಸಿದರೆ ನೀವು ಯಾವುದರಲ್ಲಿ ಮುಂದೆ ಹೋದಿರಿ ಅನ್ನುವ ಲೆಕ್ಕವೇ ಸಿಗುವುದಿಲ್ಲ. ಎಂಟು ಹತ್ತು ವಾರಕ್ಕೊಮ್ಮೆ ಒಂದೆರಡು ಚಲನೆ ಬದಲಿಸಿ, ಸಾಕು.

ಬಾಲ್ ಮೇಲೆ, ಅರ್ಧ ಗೋಳದ ಮೇಲೆ ನಿಂತು ಡಂಬೆಲ್ ಎತ್ತೋದು ಫಂಕ್ಷನಲ್ ಅಂತಾರಲ್ಲ?

ಅಲುಗಾಡುವ ಮೇಲ್ಮೈ ಮೇಲೆ ನಿಂತಾಗ ದೇಹದ ದುಡಿಮೆಯ ಒಂದು ಪಾಲು ಬೀಳದಿರುವುದಕ್ಕೇ ಖರ್ಚಾಗುತ್ತದೆ. ಎತ್ತಬಲ್ಲ ತೂಕ ಇಳಿಯುತ್ತದೆ, ಬಲ ಬೆಳೆಸುವ ಒತ್ತಡವೂ ಇಳಿಯುತ್ತದೆ. ಕಣಕಾಲು ಉಳುಕಿ ಚೇತರಿಸಿಕೊಳ್ಳುತ್ತಿರುವವರಿಗೆ ಇಂಥ ಅಭ್ಯಾಸದಿಂದ ಪ್ರಯೋಜನವಿದೆ. ಉಳಿದವರ ಕಾಲ ಕೆಳಗಿನ ನೆಲ ಹೆಚ್ಚಿನಂಶ ಅಲುಗಾಡುವುದಿಲ್ಲ. ಎರಡೂ ಕೈಯಲ್ಲಿ ಭಾರ ಹಿಡಿದು ನಡೆಯುವುದು, ಒಂದೇ ಕೈಯಲ್ಲಿ ಹಿಡಿದು ನಡೆಯುವುದು, ಒಂಟಿ ಕಾಲಿನ ಸ್ಕ್ವಾಟ್, ಇವು ನನ್ನ ಲೆಕ್ಕದಲ್ಲಿ ಅದಕ್ಕಿಂತ ಫಂಕ್ಷನಲ್.

ಕೆಟಲ್‌ಬೆಲ್ ಯಾವ ಕಡೆಗೆ ಸೇರುತ್ತೆ?

ಎರಡೂ ಕಡೆಗೆ. ಮೇಲೆ ಹಿಡಿ ಇರುವ ಈ ಕಬ್ಬಿಣದ ಗುಂಡು ರಷ್ಯಾದಲ್ಲಿ ಬಹಳ ಹಿಂದಿನಿಂದ ಇದೆ. ಅಲ್ಲಿನ ಹಳೇ ಅಳತೆಯಾದ ಪೂಡ್ ಸುಮಾರು 16 ಕಿಲೋ, 16, 24, 32 ಎಂಬ ಗಾತ್ರಗಳು ಬಂದದ್ದು ಹಾಗೆ. ಅಮೆರಿಕದಲ್ಲಿ ಅದಕ್ಕೆ ಮಾರುಕಟ್ಟೆ ಹುಟ್ಟಿದ್ದು 2000ದ ಆಸುಪಾಸಿನಲ್ಲಿ. ಅದನ್ನು ಕಾಲುಗಳ ನಡುವಿನಿಂದ ಮುಂದಕ್ಕೆ ಬೀಸುವ ಸ್ವಿಂಗ್ ಒಳ್ಳೆಯ ಚಲನೆ. ತೊಂದರೆ ಏನೆಂದರೆ ಒಂದು ಗಾತ್ರದಿಂದ ಇನ್ನೊಂದಕ್ಕೆ ಜಿಗಿತ ದೊಡ್ಡದು, ಬಾರ್ಬೆಲ್ಲಿನಂತೆ ಚಿಕ್ಕ ಪ್ಲೇಟ್ ಸೇರಿಸುವಂತಿಲ್ಲ. ರೆಪ್ ಏರಿಸಿಕೊಂಡು ಮುಂದಿನ ಗಾತ್ರಕ್ಕೆ ಹೋಗಬೇಕಾಗುತ್ತದೆ.

ವಾಚ್ 600 ಕ್ಯಾಲರಿ ಅಂತ ತೋರಿಸ್ತು. ನಂಬಬಹುದಾ?

ಹೃದಯಬಡಿತವನ್ನು ಸುಮಾರಾಗಿ ನಂಬಬಹುದು, ಕ್ಯಾಲರಿಯನ್ನು ನಂಬಬೇಡಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ ಮಣಿಕಟ್ಟಿನ ಏಳು ಸಾಧನಗಳನ್ನು ಪರೀಕ್ಷಿಸಿದಾಗ ಆರರಲ್ಲಿ ಹೃದಯಬಡಿತದ ದೋಷ ಶೇ. 5ಕ್ಕಿಂತ ಕಡಿಮೆ ಇತ್ತು. ಕ್ಯಾಲರಿ ವಿಷಯದಲ್ಲಿ ಎಲ್ಲಕ್ಕಿಂತ ಚೆನ್ನಾಗಿದ್ದದ್ದೇ ಸರಾಸರಿ ಶೇ. 27ರಷ್ಟು ತಪ್ಪಿತ್ತು. ಆಮೇಲೆ ಸಾಧನಗಳು ಬದಲಾಗಿವೆ, ಆದರೂ ವಾಚು ತೋರಿಸಿದ ಕ್ಯಾಲರಿಯನ್ನು ಊಟದಲ್ಲಿ ವಾಪಸು ಪಡೆಯುವ ಅಭ್ಯಾಸ ಒಳ್ಳೆಯದಲ್ಲ.

ಕರೆಂಟ್ ಕೊಡೋ ಸೂಟ್ ಹಾಕ್ಕೊಂಡ್ರೆ 20 ನಿಮಿಷ ಸಾಕಂತೆ?

ವಿದ್ಯುತ್ ಪ್ರಚೋದನೆಯಿಂದ ಸ್ನಾಯು ಸಂಕುಚಿಸುವುದು ನಿಜ, ಫಿಸಿಯೋಥೆರಪಿಯಲ್ಲಿ ಅದರ ಬಳಕೆ ಹಳೆಯದು. ಆರೋಗ್ಯವಾಗಿ ಓಡಾಡಬಲ್ಲವರಿಗೆ ಅದು ಬಾರ್ಬೆಲ್ಲಿನ ಬದಲಿ ಅಲ್ಲ. ಪೇಸ್‌ಮೇಕರ್ ಇದ್ದವರು, ಗರ್ಭಿಣಿಯರು ಹತ್ತಿರ ಹೋಗಬಾರದು.

ಝೋನ್ 2 ಅಂತ ಈಗ ಎಲ್ಲರ ಬಾಯಲ್ಲೂ ಇದೆ. ಇದೂ ಟ್ರೆಂಡೇ?

ಹೆಸರು ಹೊಸದು, ಕೆಲಸ ಹಳೆಯದು. ಮಾತಾಡುತ್ತಲೇ ಸಾಗಬಹುದಾದ ವೇಗದಲ್ಲಿ ದೀರ್ಘಕಾಲ ಓಡುವುದು ಅಷ್ಟೇ. ನ್ಯೂಜಿಲೆಂಡಿನ ಕೋಚ್ ಆರ್ಥರ್ ಲಿಡಿಯಾರ್ಡ್ ತನ್ನ ಓಟಗಾರರನ್ನು ವಾರಕ್ಕೆ ಸುಮಾರು 160 ಕಿ.ಮೀ. ಓಡಿಸುತ್ತಿದ್ದರು, 800 ಮೀಟರ್ ಓಡುವವನನ್ನೂ ಬಿಡದೆ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಅವರ ಶಿಷ್ಯರಾದ ಪೀಟರ್ ಸ್ನೆಲ್ 800 ಮೀಟರ್‌ನಲ್ಲೂ ಮರ‍್ರೇ ಹಾಲ್‌ಬರ್ಗ್ 5,000 ಮೀಟರ್‌ನಲ್ಲೂ ಚಿನ್ನ ಗೆದ್ದರು. ಈ ಟ್ರೆಂಡನ್ನು ನಾನು ಎರಡೂ ಕೈ ಎತ್ತಿ ಸ್ವಾಗತಿಸುತ್ತೇನೆ.

## ಸ್ವಲ್ಪ ಕಾಲದಿಂದ ತೂಕ ಎತ್ತುತ್ತಿರುವವರಿಗೆ

ವಾರ ವಾರ ತೂಕ ಏರಿಸಿ ಅಂತೀರ. ಒಂದು ದಿನ ನಿಂತೇ ಹೋಗುತ್ತಲ್ಲ, ಆಗೇನು?

ನಿಲ್ಲಲೇಬೇಕು, ಇಲ್ಲದಿದ್ದರೆ ಎಲ್ಲರೂ ಮೈಲೋಗಳೇ. ವಾರ ವಾರ ಏರುವುದು ಹೊಸಬರ ಕೆಲವು ತಿಂಗಳ ಭಾಗ್ಯ. ಆಮೇಲೆ ರೆಪ್‌ಗೊಂದು ವ್ಯಾಪ್ತಿ ಇಟ್ಟುಕೊಳ್ಳಿ. 8ರಿಂದ 12 ಅಂದುಕೊಂಡರೆ, ಅದೇ ತೂಕದಲ್ಲಿ ಮೂರೂ ಸೆಟ್ 12 ಮುಟ್ಟುವವರೆಗೆ ತೂಕ ಮುಟ್ಟಬೇಡಿ. ಮುಟ್ಟಿದ ದಿನ ಎರಡೂ ಬದಿಗೆ 1.25 ಕಿಲೋ ಪ್ಲೇಟ್ ಸೇರಿಸಿ ಮತ್ತೆ 8ಕ್ಕೆ ಇಳಿಯಿರಿ.

ಅದೂ ನಿಂತಾಗ ಬಹಳ ಜನ ಮಾಡುವುದು ಇನ್ನಷ್ಟು ಜೋರಾಗಿ ಒತ್ತುವುದು. ಮೊದಲು ನಿದ್ದೆ ನೋಡಿ, ಊಟ ನೋಡಿ. ಎರಡೂ ಸರಿಯಿದ್ದರೆ ಒಂದು ವಾರ ಸೆಟ್‌ಗಳನ್ನು ಅರ್ಧಕ್ಕಿಳಿಸಿ ಡಿಲೋಡ್ ಮಾಡಿ. ತರಬೇತಿಯ ದಣಿವು ಅದರ ಫಲವನ್ನು ಮುಚ್ಚಿಟ್ಟಿರುತ್ತದೆ. ದಣಿವು ಇಳಿದಾಗ ಬಲ ಕಾಣುತ್ತದೆ, ಎಷ್ಟೋ ಸಲ ಡಿಲೋಡ್ ಮುಗಿದ ಮೊದಲ ದಿನವೇ. ಅದಕ್ಕೂ ಜಗ್ಗದಿದ್ದರೆ ಹಂತ ಬದಲಿಸಿ. ಕೆಲವು ವಾರ ಹೆಚ್ಚು ರೆಪ್, ಸಾಧಾರಣ ತೂಕ. ಅದರ ಮೇಲೆ ಕೆಲವು ವಾರ 3ರಿಂದ 5 ರೆಪ್, ಭಾರದ ತೂಕ. ಪೀರಿಯಡೈಸೇಷನ್ ಎಂಬ ದೊಡ್ಡ ಹೆಸರಿನ ಹಿಂದೆ ಇರುವ ಕೆಲಸ ಬಹುಮಟ್ಟಿಗೆ ಇದು.

ಪ್ರೋಗ್ರಾಮ್‌ನಲ್ಲಿ 1 ಆರ್‌ಎಮ್‌ನ ಶೇ. 80 ಅಂತ ಬರೆದಿದೆ. ಗರಿಷ್ಠ ತೂಕ ಎತ್ತಿ ನೋಡೋಕೆ ಭಯ. ಏನ್ ಮಾಡ್ಲಿ?

1 ಆರ್‌ಎಮ್ ಅಂದರೆ ಒಂದೇ ಒಂದು ಸಲ ಎತ್ತಬಲ್ಲ ಗರಿಷ್ಠ ತೂಕ. ಅದನ್ನು ಎತ್ತಿ ನೋಡಬೇಕಿಲ್ಲ, ಅಂದಾಜಿಗೆ ಸೂತ್ರ ಇದೆ. ಎಪ್ಲಿ ಸೂತ್ರದಲ್ಲಿ ರೆಪ್ ಸಂಖ್ಯೆಯನ್ನು 30ರಿಂದ ಭಾಗಿಸಿ, 1 ಕೂಡಿಸಿ, ತೂಕದಿಂದ ಗುಣಿಸಬೇಕು. 80 ಕಿಲೋವನ್ನು 6 ಸಲ ಎತ್ತಿದರೆ 96 ಕಿಲೋ. ಬ್ರಿಜ್‌ಕಿ ಸೂತ್ರದಲ್ಲಿ ತೂಕವನ್ನು 36ರಿಂದ ಗುಣಿಸಿ, 37ರಿಂದ ರೆಪ್ ಕಳೆದು ಬಂದದ್ದರಿಂದ ಭಾಗಿಸಬೇಕು. ಅದೇ ಸೆಟ್‌ಗೆ ಸುಮಾರು 93 ಬರುತ್ತದೆ. ಚಿಕ್ಕದನ್ನೇ ಹಿಡಿಯಿರಿ. 10 ರೆಪ್‌ಗೆ ಎರಡೂ ಒಂದೇ ಉತ್ತರ ಕೊಡುತ್ತವೆ, ಅದರಿಂದಾಚೆಗೆ ಎರಡನ್ನೂ ನೆಚ್ಚುವಂತಿಲ್ಲ.

ಓಟ, ತೂಕ ಎರಡೂ ಮಾಡಿದ್ರೆ ಓಟ ಮಸಲ್ ತಿಂದುಹಾಕುತ್ತಾ?

ಈ ಭಯದ ಮೂಲ ರಾಬರ್ಟ್ ಹಿಕ್ಸನ್ ಅವರ 1980ರ ಅಧ್ಯಯನ. 10 ವಾರ ಎರಡನ್ನೂ ಮಾಡಿದ ಗುಂಪಿನ ಬಲ ಆರೇಳು ವಾರ ಚೆನ್ನಾಗಿಯೇ ಏರಿ, ಆಮೇಲೆ ನಿಂತು, ಕೊನೆಗೆ ಇಳಿಯಿತು. ಆಮ್ಲಜನಕ ಸಾಮರ್ಥ್ಯದ ಏರಿಕೆಗೆ ಮಾತ್ರ ಯಾವ ಅಡ್ಡಿಯೂ ಆಗಲಿಲ್ಲ. ಆದರೆ ಆ ಗುಂಪಿನ ಹೊರೆ ನೋಡಿ: ವಾರಕ್ಕೆ 5 ದಿನ ತೂಕ, 6 ದಿನ ಜೋರಾದ ಸೈಕಲ್ ಮತ್ತು ಓಟ. ನಿಮ್ಮ ವಾರದಲ್ಲಿ ಅಷ್ಟು ಕೆಲಸ ಇದೆಯೇ? ಮೂರು ದಿನ ತೂಕ, ಎರಡು ಮೂರು ದಿನ ಹಗುರ ಓಟ ಮಾಡುವವರಿಗೆ ಇದು ಚಿಂತೆಯ ವಿಷಯವೇ ಅಲ್ಲ. ಒಂದೇ ದಿನ ಎರಡೂ ಇದ್ದರೆ ತೂಕ ಮೊದಲು, ಓಟ ಆಮೇಲೆ. ನಡುವೆ ಕೆಲವು ಗಂಟೆ ಸಿಕ್ಕರೆ ಇನ್ನೂ ಒಳ್ಳೆಯದು. ಕಾಲಿನ ಭಾರದ ದಿನದ ಹಿಂದಿನ ಸಂಜೆ ಸ್ಪ್ರಿಂಟ್ ಬೇಡ.

ನನಗೆ ಗ್ರೂಪ್ ಕ್ಲಾಸ್ ಇಷ್ಟ, ಬಿಡಲ್ಲ. ಎರಡನ್ನೂ ಹೊಂದಿಸೋದು ಹೇಗೆ?

ಬಿಡಬೇಡಿ. ಕ್ಲಾಸನ್ನು ಕಂಡಿಷನಿಂಗ್ ಎಂದು ಲೆಕ್ಕ ಹಾಕಿ, ಸ್ಟ್ರೆಂತ್ ಎಂದು ಹಾಕಬೇಡಿ. ವಾರದ ಎರಡು ದಿನ, ಮೈ ತಾಜಾ ಇರುವ ದಿನಗಳೇ ಆಗಿರಲಿ, ನಿಮ್ಮ ನಾಲ್ಕು ಮುಖ್ಯ ಲಿಫ್ಟ್‌ಗಳಿಗೆ ಮೀಸಲಿಡಿ. ಕ್ಲಾಸಿಗೆ ಎರಡು ದಿನ. ಜೋರು ಕ್ಲಾಸ್ ವಾರಕ್ಕೆ ನಾಲ್ಕಾದರೆ ಸ್ಕ್ವಾಟ್ ಸಂಖ್ಯೆಗಳು ಇಳಿಯುತ್ತಾ ಬರುವುದನ್ನು ನಿಮ್ಮ ನೋಟ್‌ಬುಕ್ಕೇ ತೋರಿಸುತ್ತದೆ. ಕ್ಲಾಸಿನಲ್ಲಿ ಸುಸ್ತಾದ ಮೇಲೆ ಡೆಡ್‌ಲಿಫ್ಟ್ ಬಂದರೆ ಹಗುರ ತೂಕ ಹಿಡಿಯಿರಿ, ಪಕ್ಕದವರು ಏನು ಹಿಡಿದಿದ್ದಾರೆ ಎಂದು ನೋಡಬೇಡಿ.

ಜ್ವರ ಬಂದು ಮೂರು ವಾರ ಬಿಟ್ಟುಹೋಯ್ತು. ಮತ್ತೆ ಸೊನ್ನೆಯಿಂದ ಶುರು ಮಾಡ್ಬೇಕಾ?

ಬೇಕಿಲ್ಲ. ಎರಡು ಮೂರು ವಾರದಲ್ಲಿ ಬಲ ಹೆಚ್ಚೇನೂ ಕಳೆಯುವುದಿಲ್ಲ. ಬೇಗ ಇಳಿಯುವುದು ದಮ್ಮು. ಮೆಟ್ಟಿಲು ಹತ್ತುವಾಗ ಏದುಸಿರು ಬಂತೆಂದು ಸ್ಕ್ವಾಟೂ ಹೋಯಿತು ಎಂದುಕೊಳ್ಳಬೇಡಿ. ಮೊದಲೊಮ್ಮೆ ಗಳಿಸಿದ ಬಲ ಎರಡನೇ ಸಲಕ್ಕೆ ಬೇಗ ಮರಳುತ್ತದೆ.

ಆದರೆ ನೋವಿನ ವಿರುದ್ಧ ಸ್ನಾಯು ಕಟ್ಟಿಕೊಂಡಿದ್ದ ರಕ್ಷಣೆ ಅಷ್ಟರಲ್ಲಿ ಸ್ವಲ್ಪ ಸಡಿಲವಾಗಿರಬಹುದು. ಹಾಗಾಗಿ ಜ್ವರ ಪೂರ್ತಿ ಬಿಟ್ಟ ಮೇಲಷ್ಟೇ ಬನ್ನಿ. ಮೊದಲ ವಾರ ಹಳೇ ತೂಕದ ಮೂರನೇ ಎರಡರಷ್ಟು, ಸೆಟ್ ಅರ್ಧ. ಎರಡನೇ ವಾರ ತೂಕ ಏರಿಸಿ, ಸೆಟ್ ಹಾಗೇ ಇರಲಿ. ಮೂರನೇ ವಾರಕ್ಕೆ ಹಳೇ ಪುಟ ತೆರೆಯಬಹುದು. ಎದೆ ಬಿಗಿತ ಅಥವಾ ತಲೆಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಿ ವೈದ್ಯರಿಗೆ ತೋರಿಸಿ.